ಕಿವಿಯಿಂದ ಟೈಪ್ ಮಾಡಿದ ವರ್ಷ

ಹತ್ತು ತಿಂಗಳ ರಜೆ ಮುಗಿಸಿ ಕಡೂರಿನ ಕಚೇರಿಗೆ ಮರಳಿದ ದಿನ, ನನ್ನ ಟೇಬಲ್ ಇರಬೇಕಾದ ಜಾಗದಲ್ಲಿ ಕೈ ಚಾಚಿದರೆ ಬರಿ ಗೋಡೆ ಸಿಕ್ಕಿತು. ಬಾಗಿಲಿನಿಂದ ಒಂಬತ್ತು ಹೆಜ್ಜೆ, ಆಮೇಲೆ ಎಡಕ್ಕೆ ಮೂರು ಎಂದು ತರೀಕೆರೆಯಿಂದ ಬರುವಾಗ ರೈಲಿನಲ್ಲೇ ಮನಸ್ಸಿನಲ್ಲಿ ನಡೆದು ನೋಡಿಕೊಂಡಿದ್ದೆ. ಹೆಜ್ಜೆ ತಪ್ಪಿರಲಿಲ್ಲ. ಟೇಬಲ್ಲನ್ನೇ ಎತ್ತಿಬಿಟ್ಟಿದ್ದರು.

ನಾನು ಆ ಕಚೇರಿಯ ಬೆರಳಚ್ಚುಗಾರ್ತಿ. ಇಲಾಖೆ ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಇಡೀ ಇಲಾಖೆಯ ಮೇಲೆ ದೂರಿದಂತಾಗುತ್ತದೆ, ನನ್ನ ದೂರು ಅಷ್ಟು ದೊಡ್ಡದಲ್ಲ. ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ ಮೊದಲು ಎಡಗಣ್ಣನ್ನು ತೆಗೆದುಕೊಂಡು ಹೋಯಿತು, ಎರಡು ಆಪರೇಷನ್ ಆದ ಮೇಲೆ ಬಲಗಣ್ಣನ್ನೂ. ಕಿಟಕಿ ಯಾವ ಕಡೆಗಿದೆ ಎಂದು ತಿಳಿಯುವಷ್ಟು ಬೆಳಕು ಉಳಿದಿದೆ. ಅದರಿಂದ ಅಕ್ಷರ ಓದಲಾಗುವುದಿಲ್ಲ.

ಮ್ಯಾನೇಜರ್ ಬಂದರು. ಸಾಹೇಬರ ಕೆಳಗೆ, ನಮ್ಮೆಲ್ಲರ ಮೇಲೆ ಇರುವವರು ಅವರು. ಯಾರು ಎಲ್ಲಿ ಕೂರಬೇಕು, ಯಾವ ಕಡತ ಯಾರ ಕೈಗೆ ಹೋಗಬೇಕು ಎಂಬುದೆಲ್ಲ ಅವರದೇ ತೀರ್ಮಾನ. ರೆಕಾರ್ಡ್ ರೂಮಿನ ಬಾಗಿಲ ಪಕ್ಕ, ಕುಡಿಯುವ ನೀರಿನ ಫಿಲ್ಟರ್ ಹತ್ತಿರ ಒಂದು ಕುರ್ಚಿ ಹಾಕಿಸಿ ನನ್ನನ್ನು ಕೂರಿಸಿದರು.

"ಸುಮ್ನೆ ಬಾ, ಹಾಜರಿ ಹಾಕು, ಕೂತ್ಕೊ, ಸಾಯಂಕಾಲ ಹೋಗು. ನಿನ್ನ ಯಾರೂ ಕೆಲ್ಸ ಕೇಳಲ್ಲ ಕಣಮ್ಮ," ಎಂದರು.

ರಜೆಗೆ ಹೋಗುವ ಮುಂಚೆ ಅವರು ನನ್ನನ್ನು ನೀವು ಎನ್ನುತ್ತಿದ್ದರು.

ಆ ಕುರ್ಚಿಯಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಕೂತೆ. ನೀರು ಕುಡಿಯಲು ಬಂದವರು, ನನಗೆ ಕಿವಿಯೂ ಹೋಗಿದೆ ಎಂಬಂತೆ, ನನ್ನ ತಲೆಯ ಮೇಲೆ ನನ್ನ ಬಗ್ಗೆಯೇ ಮಾತಾಡಿಕೊಂಡರು. ಕೆಲವರು ಪಾಪ ಎಂದರು. ಕೆಲವರು ಪುಣ್ಯವಂತೆ, ಕೆಲಸವಿಲ್ಲದೆ ಕೂತಿದ್ದಾಳೆ ಎಂದರು. ನನಗೆ ಪಾಪ ಎಂದವರ ಮೇಲೆಯೇ ಸಿಟ್ಟು ಹೆಚ್ಚು ಬಂತು. ಗೋಡೆಯ ಆಚೆ ಕೀಲಿಮಣೆಯ ಸದ್ದು ಕೇಳುತ್ತಿತ್ತು. ಟೈಪ್ ಮಾಡುತ್ತಿದ್ದವರು ಎರಡೇ ಬೆರಳಿನವರು ಎಂದು ಸದ್ದಿನಲ್ಲೇ ತಿಳಿಯಿತು. ನನ್ನ ರಜೆಯಲ್ಲಿ ಹೊರಗುತ್ತಿಗೆಯ ಮೇಲೆ ಒಬ್ಬ ಕಂಪ್ಯೂಟರ್ ಆಪರೇಟರನ್ನು ತೆಗೆದುಕೊಂಡಿದ್ದರು. ದೇವನೂರು ಕಡೆಯ ಹೆಂಗಸು, ನನಗಿಂತ ಸ್ವಲ್ಪ ಚಿಕ್ಕವಳು. ನಾನು ಕೆಲಸಕ್ಕೆ ಕೂತರೆ ಆಕೆಯ ಗುತ್ತಿಗೆ ಮುಂದುವರಿಯುವುದಿಲ್ಲ ಎಂದು ಮ್ಯಾನೇಜರ್ ಆಕೆಗೆ ಮೊದಲೇ ಹೇಳಿಟ್ಟಿದ್ದರು. ಇದು ನನಗೆ ಬಹಳ ತಡವಾಗಿ ಗೊತ್ತಾಯಿತು. ಗೊತ್ತಿದ್ದರೂ ಆಗ ನನಗೆ ಕನಿಕರ ಹುಟ್ಟುತ್ತಿರಲಿಲ್ಲ.

ಅಂಗವಿಕಲತೆಯ ಪ್ರಮಾಣಪತ್ರಕ್ಕೆಂದು ಚಿಕ್ಕಮಗಳೂರಿನ ಆಸ್ಪತ್ರೆಗೆ ಹೋಗಿದ್ದಾಗ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದವರು ಶಿವನಿಯ ಒಬ್ಬ ಹೈಸ್ಕೂಲ್ ಮೇಷ್ಟ್ರು. ಹುಟ್ಟಿನಿಂದ ಕಣ್ಣಿಲ್ಲದವರು. ನಾನು ಬೆರಳಚ್ಚುಗಾರ್ತಿ ಎಂದಾಗ, ಇನ್ನೂ ಟೈಪ್ ಮಾಡ್ತೀರಾ ಎಂದು ಕೇಳಿದರು. ಹೇಗೆ ಮಾಡಲಿ ಎಂದೆ. ಅವರು ತಮ್ಮ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟರು. ಯಾರೋ ಗಂಡಸು ಮೂಗಿನಲ್ಲಿ, ಉಸಿರೂ ಬಿಡದೆ, ಕನ್ನಡ ಓದುತ್ತಿದ್ದ. ಒಂದು ಪದವೂ ಅರ್ಥವಾಗಲಿಲ್ಲ.

"ನಂಗೆ ಈ ಸ್ಪೀಡ್ ಅಭ್ಯಾಸ ಆಗೋಗಿದೆ. ನಿಮ್ಗೆ ನಿಧಾನಕ್ಕೆ ಇಟ್ಕೊಡ್ತೀನಿ. ಪುಕ್ಸಟ್ಟೆ ಸಿಗುತ್ತೆ ಮೇಡಂ, ಡೌನ್‌ಲೋಡ್ ಮಾಡ್ಕೊಂಡ್ರೆ ಆಯ್ತು," ಎಂದರು.

ಅದು ಪರದೆ ಓದುವ ತಂತ್ರಾಂಶ, ಎನ್‌ವಿಡಿಎ ಎಂದು ಹೆಸರು. ಪರದೆಯ ಮೇಲೆ ಏನಿದೆಯೋ ಅದನ್ನು ದನಿಯಲ್ಲಿ ಹೇಳುತ್ತದೆ. ಮನೆಯಲ್ಲಿ ಹಳೆಯ ಒಂದು ಲ್ಯಾಪ್‌ಟಾಪ್ ಇತ್ತು. ಸ್ಕೂಟರ್ ಮೆಕಾನಿಕ್ ಆದ ನನ್ನ ಗಂಡ, ಮೇಷ್ಟ್ರು ಫೋನಿನಲ್ಲಿ ಹೇಳಿದಂತೆ ಒಂದೊಂದೇ ಗುಂಡಿ ಒತ್ತಿ ಅದನ್ನು ಹಾಕಿಕೊಟ್ಟರು. ದನಿ ಮೊದಲ ಬಾರಿ ಜೋರಾಗಿ ಹೊರಟಾಗ ನಮ್ಮ ಅತ್ತೆ ಒಳಗಿನ ಕೋಣೆಯಿಂದ ಸೆರಗು ತಲೆಗೆಳೆದುಕೊಂಡು ಬಂದು, ಮನೆಗೆ ಯಾರು ಬಂದಿದ್ದಾರೆ ಎಂದು ದಖ್ಖನಿಯಲ್ಲಿ ವಿಚಾರಿಸಿದರು. ಎಷ್ಟೋ ತಿಂಗಳಾದ ಮೇಲೆ ನಾನು ಅಂದು ನಕ್ಕೆ.

ಕಲಿಯಲು ಏಳು ವಾರ ಹಿಡಿಯಿತು. ಮೌಸ್ ಇದೆ ಎಂಬುದನ್ನೇ ಮರೆತುಬಿಡಿ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ಎಲ್ಲವೂ ಕೀಲಿಗಳಿಂದ. ಇನ್ಸರ್ಟ್ ಒತ್ತಿಕೊಂಡು ಕೆಳಬಾಣ ಒತ್ತಿದರೆ ಪುಟವನ್ನು ಕೊನೆಯವರೆಗೆ ಓದುತ್ತದೆ, ಕಂಟ್ರೋಲ್ ಒತ್ತಿದರೆ ಬಾಯಿ ಮುಚ್ಚುತ್ತದೆ. ಎಡಬಲ ಬಾಣಗಳಿಂದ ಒಂದೊಂದೇ ಅಕ್ಷರ, ಕಂಟ್ರೋಲ್ ಸೇರಿಸಿದರೆ ಒಂದೊಂದೇ ಪದ. ನಾನೆಲ್ಲಿದ್ದೇನೆ ಎಂದು ತಿಳಿಯದೆ ಹೋದಾಗ ಇನ್ಸರ್ಟ್ ಮತ್ತು ಟಿ ಒತ್ತಿದರೆ ಯಾವ ಕಿಟಕಿ ತೆರೆದಿದೆ ಎಂದು ಹೇಳುತ್ತದೆ. ಮೊದಲ ವಾರ ನಾನು ಒತ್ತಿದ್ದು ಹೆಚ್ಚಾಗಿ ಅದನ್ನೇ. ಬೆರಳುಗಳಿಗೆ ಮಾತ್ರ ಏನೂ ಹೇಳಿಕೊಡಬೇಕಾಗಲಿಲ್ಲ. ತರೀಕೆರೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೀಲಿಗಳ ಮೇಲೆ ಟವೆಲ್ ಹೊದಿಸಿ ನಮ್ಮ ಕೈಲಿ ಟೈಪ್ ಮಾಡಿಸುತ್ತಿದ್ದರು.

ಕಚೇರಿಯಲ್ಲಿ ಅದನ್ನು ಹಾಕಿಕೊಡಿ ಎಂದು ಕೇಳಿದ ದಿನದಿಂದ ಜಗಳ ಶುರುವಾಯಿತು. ಕಂಪ್ಯೂಟರಿಗೆ ಹೊಸದೇನನ್ನಾದರೂ ಸೇರಿಸಲು ಬೇಕಾದ ಪಾಸ್‌ವರ್ಡ್ ಆಪರೇಟರ್ ಬಳಿ ಇತ್ತು. ಮ್ಯಾನೇಜರ್ ಹೇಳದೆ ಕೊಡಲಾಗುವುದಿಲ್ಲ ಎಂದಳು. ಮ್ಯಾನೇಜರ್, ಪುಕ್ಸಟ್ಟೆ ಬರುವುದರಲ್ಲೆಲ್ಲ ವೈರಸ್ ಇರುತ್ತದೆ ಎಂದರು. ಬೇರೆ ಕಂಪ್ಯೂಟರ್‌ಗಳಲ್ಲಿ ಅವರು ಕದ್ದು ಹಾಕಿಸಿಕೊಂಡಿದ್ದ ಪ್ರೋಗ್ರಾಮ್‌ಗಳ ಬಗ್ಗೆ ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದೆ. ಹೇಳಬಾರದಿತ್ತು. ಹೇಳಿದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಮೇಷ್ಟ್ರನ್ನು ಕೇಳಿದಾಗ ದಾರಿ ತೋರಿಸಿದರು. ಆ ತಂತ್ರಾಂಶವನ್ನು ಕಂಪ್ಯೂಟರಿಗೆ ಸೇರಿಸದೆ ಪೆನ್‌ಡ್ರೈವಿನಿಂದಲೇ ಓಡಿಸಬಹುದಂತೆ, ಪಾಸ್‌ವರ್ಡ್ ಬೇಡವಂತೆ. ಮರುವಾರ, ಹಳೇ ಸ್ಟೋರ್ ರೂಮಿನಲ್ಲಿ ಯಾರೂ ಮುಟ್ಟದೆ ಬಿದ್ದಿದ್ದ ಒಂದು ಕಂಪ್ಯೂಟರಿನ ಮುಂದೆ ನಾನೇ ಹೋಗಿ ಕೂತೆ. ಪೆನ್‌ಡ್ರೈವ್ ಹಾಕಿ, ಎಂಟರ್ ಒತ್ತಿ, ಇಯರ್‌ಫೋನ್ ಸಿಕ್ಕಿಸಿಕೊಂಡೆ. ಆ ಮೂಗಿನ ದನಿ ಹೊರಟಿತು.

ಆದರೆ ಕಚೇರಿಯ ಹಳೆಯ ಕಾಗದಗಳನ್ನು ತೆರೆದರೆ ಆ ದನಿ ಹುಚ್ಚು ಹಿಡಿದಂತೆ ಆಡಿತು. ಕಡೂರು ಎಂಬ ಪದದ ಮೇಲೆ ಹೋದರೆ ಪಿ, ಎ, ಕ್ಯೂ, ಮತ್ತೆ ಎ ಎಂದು ಇಂಗ್ಲಿಷ್ ಅಕ್ಷರಗಳನ್ನು ಕಕ್ಕುತ್ತಿತ್ತು. ಕಾರಣ ಸುಲಭ. ನಾವು ವರ್ಷಗಟ್ಟಲೆ ಬಳಸಿದ ಹಳೆಯ ಕನ್ನಡ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಮಾತ್ರ ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ. ಯಂತ್ರಕ್ಕೆ ಕಣ್ಣಿಲ್ಲವಲ್ಲ, ಅದು ಒಳಗಿದ್ದದ್ದನ್ನೇ ಓದುತ್ತಿತ್ತು. ಈಗಿನ ಯೂನಿಕೋಡ್ ಬರಹವನ್ನಾದರೆ ಸರಿಯಾಗಿ ಓದುತ್ತದೆ. ಹಳೆಯದನ್ನು ಯೂನಿಕೋಡಿಗೆ ಬದಲಿಸಿಕೊಡುವ ಉಚಿತ ಜಾಲತಾಣಗಳಿವೆ. ಬರಹವನ್ನು ಕಾಪಿ ಮಾಡಿ ಮೇಲಿನ ಪೆಟ್ಟಿಗೆಗೆ ಹಾಕಿ ಒಂದು ಗುಂಡಿ ಒತ್ತಿದರೆ ಕೆಳಗಿನ ಪೆಟ್ಟಿಗೆಯಲ್ಲಿ ಸಿಗುತ್ತದೆ. ನಾನಿದ್ದ ಕಂಪ್ಯೂಟರಿಗೆ ಇಂಟರ್‌ನೆಟ್ ಇರಲಿಲ್ಲ. ಹಾಗಾಗಿ ನೆಟ್ ಇಲ್ಲದೆಯೂ ಓಡುವಂಥ ಒಂದನ್ನು ಹುಡುಕಿ, ಅದನ್ನೂ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡೆ. ಅದು ಅರ್ಕಾವತ್ತನ್ನು ಕೆಡಿಸುತ್ತಿತ್ತು. ಕಾರ್ಯ, ವರ್ಗ, ನಿರ್ದೇಶಕ ಎಂಬ ಪದಗಳೆಲ್ಲ ಮುರಿದು ಬರುತ್ತಿದ್ದವು. ಸರ್ಕಾರಿ ಕಾಗದದಲ್ಲಿ ಅವಿಲ್ಲದ ಸಾಲೇ ಇರುವುದಿಲ್ಲ. ಪ್ರತಿಯೊಂದನ್ನೂ ಕೈಯಿಂದ ಸರಿಪಡಿಸಬೇಕಿತ್ತು.

ಹೀಗೆ ಮಾಡುತ್ತಿರುವಾಗ ಗುಮಾಸ್ತರೊಬ್ಬರು, ಆಪರೇಟರ್ ರಜೆ ಎಂದು, ನನಗೆ ಒಂದು ಪತ್ರವನ್ನು ಬಾಯಲ್ಲಿ ಹೇಳಿ ಬರೆಸಿದರು. ಬೆಳೆ ಹಾನಿಯ ವಿಷಯ, ಮೇಲಿನ ಕಚೇರಿಗೆ ಹೋಗಬೇಕಾದದ್ದು. ನಾನು ಬೇಗ ಮುಗಿಸಿ ತೋರಿಸಬೇಕು ಎಂಬ ಹಟಕ್ಕೆ ಬಿದ್ದೆ. ಒಂದೇ ಕೀಲಿಯಲ್ಲಿ ಶಿಫ್ಟ್ ಒತ್ತಿದರೆ ಳ, ಒತ್ತದಿದ್ದರೆ ಲ. ಬೆಳೆ ಹಾನಿ ಎಂಬುದು ಪತ್ರದ ತುಂಬ ಬೆಲೆ ಹಾನಿ ಆಗಿ ಹೋಗಿತ್ತು. ವೇಗ ಹೆಚ್ಚಿಸಿಕೊಂಡಿದ್ದ ಆ ದನಿಯಲ್ಲಿ ಎರಡೂ ನನ್ನ ಕಿವಿಗೆ ಒಂದೇ ಥರ ಕೇಳಿಸಿದವು. ಸಾಹೇಬರು ಓದದೆ ಸಹಿ ಹಾಕಿದರು, ಪತ್ರ ಹೋಯಿತು, ಐದನೇ ದಿನ ತಪ್ಪುಗಳಿಗೆ ಸುತ್ತು ಹಾಕಿಸಿಕೊಂಡು ವಾಪಸು ಬಂತು.

ಮ್ಯಾನೇಜರ್ ಅದನ್ನು ಎಲ್ಲರ ಟೇಬಲ್ಲಿಗೂ ತೆಗೆದುಕೊಂಡು ಹೋಗಿ ತೋರಿಸಿದರು. ಕೊನೆಗೆ ನನ್ನ ಹತ್ತಿರ ಬಂದು, ನಿನಗೆ ತೋರಿಸಿ ಏನು ಪ್ರಯೋಜನ ಎಂದರು. ಕೆಲವರು ನಕ್ಕರು. ತಪ್ಪು ನನ್ನದೇ ಆಗಿತ್ತು. ಅಂದಿನಿಂದ ದನಿಯ ವೇಗ ಇಳಿಸಿದೆ. ಯಾವ ಕಾಗದವಾದರೂ ಮುಗಿಸಿದ ಮೇಲೆ ಬಾಣದ ಕೀಲಿಯಿಂದ ಒಂದೊಂದೇ ಅಕ್ಷರ ಕೇಳಿಸಿಕೊಂಡು ಬರುವ ಅಭ್ಯಾಸ ಮಾಡಿಕೊಂಡೆ. ಒಂದು ಪುಟಕ್ಕೆ ಹತ್ತು ನಿಮಿಷ ಹೆಚ್ಚು ಬೇಕು. ಆಮೇಲೆ ಕನ್ನಡ ಕಾಗುಣಿತ ನೋಡುವ ಉಚಿತ ಪದಪಟ್ಟಿಯೊಂದನ್ನೂ ಸೇರಿಸಿಕೊಂಡೆ. ಆದರೆ ಬೆಲೆಯೂ ಸರಿಯಾದ ಪದವೇ, ಅದನ್ನು ಆ ಪಟ್ಟಿ ಹಿಡಿಯುವುದಿಲ್ಲ. ನಾನೇ ಹಿಡಿಯಬೇಕು.

ಆ ಪತ್ರ ವಾಪಸು ಬಂದ ಮಾರನೆಯ ದಿನ ಮ್ಯಾನೇಜರ್, ಹೊರಗಿನ ಪೆನ್‌ಡ್ರೈವ್ ಬಳಸಕೂಡದು ಎಂದು ಜ್ಞಾಪನ ಹೊರಡಿಸಿದರು. ಎಲ್ಲರಿಗೂ ಎಂದು ಬರೆದಿತ್ತು, ಸಹಿ ಮಾತ್ರ ನನ್ನೊಬ್ಬಳಿಂದಲೇ ತೆಗೆದುಕೊಂಡರು. ಅದೇ ವಾರ ನನ್ನನ್ನು ಅಜ್ಜಂಪುರಕ್ಕೆ ಕಳಿಸಿದರು. ಅಜ್ಜಂಪುರ ತರೀಕೆರೆಯಿಂದ ಬೇರೆಯಾಗಿ ಹೊಸ ತಾಲ್ಲೂಕಾದ ಮೇಲೆ ಹಳೆಯ ಕಡತಗಳನ್ನು ಹಳ್ಳಿವಾರು ಬೇರ್ಪಡಿಸುವುದು ಬಾಕಿ ಇತ್ತು. ಕಣ್ಣು ಕಾಣದವಳನ್ನು ಕಡತದ ಮೇಲಿನ ಹೆಸರು ನೋಡಿ ವಿಂಗಡಿಸುವ ಕೆಲಸಕ್ಕೆ ಹಾಕಿದ್ದರು. ಇದನ್ನು ಮರೆತು ಮಾಡಿದರೆಂದು ನಾನು ನಂಬುವುದಿಲ್ಲ.

ಅಲ್ಲಿ ಕಂಪ್ಯೂಟರ್ ಇರಲಿಲ್ಲ. ಒಂದು ಉದ್ದನೆಯ ಕೋಣೆ, ದೂಳು, ಮತ್ತು ನಿವೃತ್ತಿಗೆ ಹತ್ತಿರ ಬಂದಿದ್ದ ಒಬ್ಬ ಅಟೆಂಡರ್ ಅಮ್ಮ. ನನ್ನ ಹತ್ತಿರ ಫೋನ್ ಇತ್ತು. ಮುದ್ರಿತ ಅಕ್ಷರದ ಫೋಟೋ ತೆಗೆದರೆ ಅದರಿಂದ ಬರಹ ಎತ್ತಿ ಓದುವ ಉಚಿತ ಆಪ್‌ಗಳ ಬಗ್ಗೆ ಮೇಷ್ಟ್ರು ಹೇಳಿದ್ದು ನೆನಪಾಯಿತು. ಮೊದಲೆರಡು ದಿನ ಅದು ನನ್ನ ಹೆಬ್ಬೆರಳನ್ನೇ ಓದಲು ಪ್ರಯತ್ನಿಸಿತು. ಆಮೇಲೆ ಒಂದು ಉಪಾಯ ಕಂಡುಕೊಂಡೆ. ಫೋನನ್ನು ಕಡತದ ನಡುವೆ ಮಲಗಿಸಿ, ಮೊಳಕೈ ಮೇಜಿಗೆ ಊರಿ, ನೇರವಾಗಿ ಒಂದು ಗೇಣು ಮೇಲೆತ್ತುವುದು. ಆಗ ನಾಲ್ಕು ಮೂಲೆಯೂ ಒಳಗೆ ಬೀಳುತ್ತಿತ್ತು. ಅಚ್ಚಾದ ಹೆಸರನ್ನು ಫೋನ್ ಓದುತ್ತಿತ್ತು. ಕೈಬರಹವಾದರೆ ಅದಕ್ಕೆ ತಿಳಿಯುತ್ತಿರಲಿಲ್ಲ, ಆಗ ಅಟೆಂಡರ್ ಅಮ್ಮ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರು. ನಾಲ್ಕನೇ ಕ್ಲಾಸಿನವರೆಗೆ ಕಲಿತವರು.

"ಒಳ್ಳೆ ಜೋಡಿ ಕಣವ್ವ ನಮ್ದು. ನಿಂಗೆ ಕಣ್ಣಿಲ್ಲ, ನಂಗೆ ಓದಿಲ್ಲ," ಎಂದರು ಒಂದು ಮಧ್ಯಾಹ್ನ.

ಐದು ವಾರದಲ್ಲಿ ಆ ಕೋಣೆಯ ಮುಕ್ಕಾಲು ಭಾಗ ಮುಗಿಸಿದೆವು. ಅಷ್ಟರಲ್ಲಿ, ಒಂದು ಸಹಿ ಬೇಕು, ಬಂದುಹೋಗು ಎಂದು ಕಡೂರಿನಿಂದ ಮ್ಯಾನೇಜರ್ ಫೋನ್ ಮಾಡಿದರು.

ಹೋದೆ. ಎರಡು ಹಾಳೆ ನನ್ನ ಮುಂದಿಟ್ಟರು. ಅಜ್ಜಂಪುರದ ನಿಯೋಜನೆಯನ್ನು ಇನ್ನು ಮೂರು ತಿಂಗಳು ಮುಂದುವರಿಸಲು ನನ್ನ ಒಪ್ಪಿಗೆ ಎಂದು ಓದಿ ಹೇಳಿದರು. ಓದಿದ್ದು ಬಹಳ ನಿಧಾನವಾಗಿ, ಸರಾಗವಾಗಿ. ನನ್ನ ಬೆರಳು ಹಿಡಿದು ಎರಡನೇ ಹಾಳೆಯ ಕೆಳಗಿಟ್ಟು, "ಇಲ್ಲಿ ಹಾಕು" ಎಂದರು. ಓದುವಾಗ ಅವರು ಹಾಳೆ ತಿರುಗಿಸಿದ ಸದ್ದು ನನಗೆ ಕೇಳಿಸಿರಲಿಲ್ಲ. ಎರಡು ಹಾಳೆಯ ಕಾಗದವನ್ನು ಒಂದೇ ಹಾಳೆ ನೋಡಿಕೊಂಡು ಹೇಗೆ ಓದಿದರು ಎಂಬ ಸಂಶಯ ಅಲ್ಲಿ ಹುಟ್ಟಿತು.

ಕೈ ತೊಳೆದುಕೊಂಡು ಬಂದು ಹಾಕುತ್ತೇನೆ ಎಂದು ಹಾಳೆಗಳನ್ನು ಹಿಡಿದೇ ಎದ್ದೆ. ಅವರು ತಡೆಯಲಿಲ್ಲ. ಹೆಂಗಸರ ಬಾತ್‌ರೂಮಿನ ಚಿಲಕ ಹಾಕಿ, ಕಿಟಕಿಯ ಕಟ್ಟೆಯ ಮೇಲೆ ಹಾಳೆ ಹರಡಿ, ಮೊಳಕೈ ಊರಿ, ಫೋನೆತ್ತಿದೆ. ಇಯರ್‌ಫೋನಿನಲ್ಲಿ ಮೊದಲು ಬಂದದ್ದು ನನ್ನ ಹೆಸರು, ಹುದ್ದೆ. ಆಮೇಲೆ, "ವಿಷಯ: ಸ್ವ ಇಚ್ಛೆಯಿಂದ ನಿವೃತ್ತಿ ಹೊಂದಲು ಅನುಮತಿ ಕೋರಿ." ದೃಷ್ಟಿ ಎಂಬ ಪದವನ್ನು ಆಪ್ ಏನೇನೋ ಮಾಡಿ ಓದಿತು. ಉಳಿದದ್ದೆಲ್ಲ ಸ್ಪಷ್ಟವಾಗಿತ್ತು. ಕೆಲಸ ನಿರ್ವಹಿಸಲು ನಾನು ಸಂಪೂರ್ಣ ಅಸಮರ್ಥಳಾಗಿರುವುದರಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಮನಸ್ಸಿನಿಂದ. ನಂಬಲಾಗದೆ ಎರಡನೇ ಸಲ ಫೋಟೋ ತೆಗೆದು ಓದಿಸಿದೆ. ಅದೇ ಬಂತು.

ನನ್ನ ಬೆರಳನ್ನು ಹಿಡಿದು ಜಾಗ ತೋರಿಸಿದ ಆ ಕೈಯ ಬಿಸಿ ಇನ್ನೂ ನನ್ನ ಬೆರಳಿಗಿತ್ತು. ಹೊರಗೆ ಹೋಗಿ ಇಡೀ ಕಚೇರಿ ಕೇಳುವಂತೆ ಕೂಗಾಡಬೇಕು ಎನಿಸಿತು. ಕೂಗಾಡಿದರೆ, ತಲೆ ಕೆಟ್ಟಿದೆ ಎಂದು ಬರೆದು ಕಳಿಸಲು ಅವರಿಗೆ ಸುಲಭ. ಫೋಟೋಗಳನ್ನು ಮೇಷ್ಟ್ರಿಗೂ ನನ್ನ ಗಂಡನಿಗೂ ಕಳಿಸಿದೆ. ಮುಖ ತೊಳೆದುಕೊಂಡೆ. ಹಾಳೆಗಳನ್ನು ಸಹಿ ಇಲ್ಲದೆ ಅವರ ಮೇಜಿನ ಮೇಲಿಟ್ಟೆ.

"ಓದಿದೆ ಸಾರ್. ಇದು ನಿಯೋಜನೆ ಕಾಗದ ಅಲ್ಲ," ಎಂದೆ.

ಅವರು ಕೇಳಿದ್ದು ಒಂದೇ ಪ್ರಶ್ನೆ. "ಯಾರು ಓದಿ ಹೇಳಿದ್ರು ನಿಂಗೆ?"

ಫೋನು ಓದಿತು ಎಂದೆ. ಅವರು ನಂಬಲಿಲ್ಲ. ಆಪರೇಟರನ್ನು ಕರೆಸಿ, ನೀನೇ ಹೇಳಿರಬೇಕು ಎಂದು ನನ್ನ ಮುಂದೆಯೇ ಬಯ್ಯತೊಡಗಿದರು. ನಾನು ಹೊರಗೆ ಬಂದಾಗ ಆಕೆ ಹಿಂದೆಯೇ ಬಂದಳು.

"ಆ ಕಾಗ್ದ ಟೈಪ್ ಮಾಡಿದ್ದು ನಾನೇ ಮೇಡಂ. ನಾನಿನ್ನೇನು ಮಾಡಕ್ಕಾಗ್ತಿತ್ತು ಹೇಳಿ," ಎಂದಳು.

ಪರವಾಗಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. "ಅಕ್ಷರ ಚೆನ್ನಾಗಿ ಬಂದಿತ್ತು. ಫೋನಿಗೆ ಓದೋಕೆ ಕಷ್ಟ ಆಗಲಿಲ್ಲ," ಎಂದು ಹೇಳಿ ಸ್ಟೇಷನ್ನಿಗೆ ಹೊರಟೆ.

ಮನೆಯಲ್ಲಿ ನನ್ನ ಗಂಡ ಸಹಿ ಹಾಕಿಬಿಡು ಎಂದರು. ದಿನಾ ನನ್ನನ್ನು ಸ್ಟೇಷನ್ನಿಗೆ ಬಿಟ್ಟು, ದಿನಾ ನನ್ನ ಮುಖ ನೋಡಿ ಅವರಿಗೆ ಸಾಕಾಗಿತ್ತು. ಮೋಸ ಮಾಡಿದವರ ನಡುವೆ ಇನ್ನೂ ಹದಿನಾರು ವರ್ಷ ಹೇಗೆ ಕೂರುತ್ತೀ ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ನಾನಾಗಿಯೇ ಬಿಡುವುದಾದರೆ ಬಿಡುತ್ತೇನೆ, ಅವರು ಬರೆದ ಕಾಗದಕ್ಕೆ ಬಿಡುವುದಿಲ್ಲ ಎಂದಷ್ಟೇ ಹೇಳಿ ಲ್ಯಾಪ್‌ಟಾಪ್ ತೆರೆದೆ.

ಸಾಹೇಬರಿಗೆ ಒಂದು ಪುಟದ ಪತ್ರ ಬರೆದೆ. ನಿವೃತ್ತಿ ಬೇಕೆಂದು ನಾನು ಕೇಳಿಲ್ಲ. ಸೇವೆಯಲ್ಲಿರುವಾಗ ಅಂಗವಿಕಲರಾದವರನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ ಎಂದು ಕಾನೂನಿದೆ. ಉಚಿತವಾಗಿ ಸಿಗುವ ತಂತ್ರಾಂಶವೊಂದನ್ನು ಹಾಕಲು ಅನುಮತಿ ಕೊಟ್ಟರೆ ನನ್ನ ಕೆಲಸ ನಾನು ಮಾಡಬಲ್ಲೆ, ಯಾವ ದಿನ ಬೇಕಾದರೂ ಪರೀಕ್ಷೆ ಮಾಡಿ. ಮ್ಯಾನೇಜರ್ ಏನು ಓದಿ ಹೇಳಿದರು, ಹಾಳೆಯಲ್ಲಿ ಏನಿತ್ತು ಎಂಬುದನ್ನೂ ಬರೆದು ಫೋಟೋ ಲಗತ್ತಿಸಿದೆ. ಬೈಗುಳ ಒಂದೂ ಹಾಕಲಿಲ್ಲ. ಹಾಕಿದ್ದನ್ನೆಲ್ಲ ಒಂದೊಂದಾಗಿ ಅಳಿಸಿದೆ. ಗಂಡ ಜೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿಕೊಂಡು ಬಂದರು. ಟಪಾಲಿನಲ್ಲಿ ಕೊಟ್ಟು, ಮುಟ್ಟಿದ್ದಕ್ಕೆ ಮೊಹರು ಹಾಕಿಸಿಕೊಂಡೆ. ಜಿಲ್ಲಾ ಕಚೇರಿಗೆ ಇನ್ನೊಂದು ಪ್ರತಿ ಕಳಿಸಿದೆ.

ಹನ್ನೆರಡು ದಿನ ಏನೂ ಆಗಲಿಲ್ಲ. ಹದಿಮೂರನೇ ದಿನ ಸಾಹೇಬರು ಕರೆಸಿದರು. ಹೆಚ್ಚು ಮಾತಿನವರಲ್ಲ, ಹೆಚ್ಚು ದಿನ ಪ್ರವಾಸದಲ್ಲೇ ಇರುವವರು. ಅವರ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಡಿಸಿದ್ದರು. ಪೆನ್‌ಡ್ರೈವ್ ತಂದಿದ್ದೀರಾ ಎಂದು ಕೇಳಿದರು. ಜ್ಞಾಪನ ಇದೆಯಲ್ಲ ಸಾರ್ ಎಂದೆ. ಇವತ್ತಿಗೆ ನಾನು ಹೇಳಿದ್ದೇ ಜ್ಞಾಪನ ಎಂದರು.

ಕೆಲಸ ಆರಿಸಿದ್ದು ಮ್ಯಾನೇಜರ್. ಹಳೆಯ ಫಾಂಟಿನಲ್ಲಿದ್ದ ಮೂರು ಪುಟದ ಆದೇಶವೊಂದನ್ನು ಕೊಟ್ಟು, ಅದರಿಂದ ಹಳ್ಳಿಗಳ ಹೆಸರು ತೆಗೆದು, ಹೊಸ ಪತ್ರವೊಂದನ್ನು ಸಿದ್ಧಮಾಡಬೇಕು ಎಂದರು. ಅದನ್ನು ಯಂತ್ರ ಓದುವುದಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದರು. ಯಾರೆಂದು ನಾನು ಊಹಿಸಬಲ್ಲೆ.

ತೆರೆದೆ. ಪಿ, ಎ, ಕ್ಯೂ ಎಂದು ಶುರುವಾಯಿತು. ಇಯರ್‌ಫೋನ್ ತೆಗೆದು ಸ್ಪೀಕರಿನಲ್ಲೇ ಬಿಟ್ಟೆ, ಎಲ್ಲರೂ ಕೇಳಲಿ ಎಂದು. ಮ್ಯಾನೇಜರ್ ಸಣ್ಣಗೆ ನಕ್ಕರು. ಪೂರ್ತಿ ಬರಹ ಆರಿಸಿ, ಕಾಪಿ ಮಾಡಿ, ಪೆನ್‌ಡ್ರೈವಿನಲ್ಲಿದ್ದ ಪರಿವರ್ತಕದ ಪೆಟ್ಟಿಗೆಗೆ ಹಾಕಿ, ಟ್ಯಾಬ್ ಒತ್ತುತ್ತಾ ಗುಂಡಿಯವರೆಗೆ ಹೋಗಿ ಎಂಟರ್ ಒತ್ತಿದೆ. ಬದಲಾದದ್ದನ್ನು ತಂದು ಹೊಸ ಹಾಳೆಗೆ ಸುರಿದು ಇನ್ಸರ್ಟ್ ಮತ್ತು ಕೆಳಬಾಣ ಒತ್ತಿದಾಗ ಆ ಮೂಗಿನ ದನಿ ಕೋಣೆಯ ತುಂಬ ಕನ್ನಡ ಓದತೊಡಗಿತು. ಮುರಿದ ಅರ್ಕಾವತ್ತುಗಳನ್ನು ಸರಿಮಾಡಿದೆ. ಹಳ್ಳಿಗಳನ್ನು ಆರಿಸಿದೆ. ಪತ್ರ ಟೈಪ್ ಮಾಡಿದೆ. ಕೊನೆಗೆ ಒಂದೊಂದೇ ಅಕ್ಷರ ಕೇಳಿಸಿಕೊಂಡು ಬಂದೆ. ಒಟ್ಟು ಐವತ್ತು ನಿಮಿಷ ಹಿಡಿಯಿತು. ಕಣ್ಣಿದ್ದಾಗ ಇಪ್ಪತ್ತು ನಿಮಿಷದ ಕೆಲಸ ಅದು. ಅದನ್ನು ನಾನೇ ಸಾಹೇಬರಿಗೆ ಹೇಳಿದೆ.

ಅವರು ಪ್ರಿಂಟ್ ತೆಗೆಸಿ ಓದಿದರು. ಒಂದು ಹಳ್ಳಿಯ ಹೆಸರು ಎರಡು ಸಲ ಬಂದಿದೆ ಎಂದರು. ಕೀಲಿಮಣೆ ಎಳೆದುಕೊಂಡು ಎರಡನೆಯದನ್ನು ಹುಡುಕಿ ಅಳಿಸಿ, ಇನ್ನೊಂದು ಪ್ರಿಂಟ್ ಕೊಟ್ಟೆ. ಸಹಿ ಹಾಕಿದ ಪೆನ್ನಿನ ಸದ್ದು ಕೇಳಿಸಿತು.

"ಇವ್ರ ಟೇಬಲ್ ಮೊದ್ಲು ಎಲ್ಲಿತ್ತೋ ಅಲ್ಲೇ ಹಾಕ್ಸಿ," ಎಂದರು ಮ್ಯಾನೇಜರಿಗೆ. ನಿವೃತ್ತಿ ಕಾಗದದ ಬಗ್ಗೆ ನನ್ನ ಮುಂದೆ ಒಂದು ಮಾತೂ ಆಡಲಿಲ್ಲ. ಹಿಂದೆ ಆಡಿದರೋ ಇಲ್ಲವೋ ನನಗೆ ತಿಳಿಯದು. ಯಾರ ಮೇಲೂ ಕ್ರಮ ಆಗಲಿಲ್ಲ.

ಟೇಬಲ್ ಬಂತು. ತಂತ್ರಾಂಶವನ್ನು ಆಪರೇಟರ್ ತಾನೇ ಪಾಸ್‌ವರ್ಡ್ ಹೊಡೆದು ಹಾಕಿಕೊಟ್ಟಳು. ಆಕೆಯ ಗುತ್ತಿಗೆಯೂ ಹೋಗಲಿಲ್ಲ, ಅದಕ್ಕೆ ಕಾರಣ ನನ್ನ ಔದಾರ್ಯವಲ್ಲ. ಸರ್ಕಾರಿ ಜಾಲತಾಣಗಳಿಗೆ ಒಳಹೋಗಬೇಕಾದರೆ ಸೊಟ್ಟಸೊಟ್ಟ ಅಕ್ಷರಗಳ ಒಂದು ಚಿತ್ರ ತೋರಿಸಿ, ಇದನ್ನು ಟೈಪ್ ಮಾಡು ಎನ್ನುತ್ತಾರೆ. ಅದನ್ನು ನನ್ನ ಯಾವ ಉಚಿತ ತಂತ್ರಾಂಶವೂ ಓದಲಾರದು. ಆ ಬಾಗಿಲಿನವರೆಗೆ ನಾನು ಹೋಗುತ್ತೇನೆ, ಚಿತ್ರ ನೋಡಿ ಆಕೆ ಅಕ್ಷರ ಹೇಳುತ್ತಾಳೆ. ಪತ್ರಗಳು ನನ್ನವು, ಜಾಲತಾಣದ ಅರ್ಜಿಗಳು ಆಕೆಯವು. ನಾವು ಗೆಳತಿಯರಾಗಲಿಲ್ಲ. ಕೆಲಸ ನಡೆಯುತ್ತದೆ.

ಮ್ಯಾನೇಜರ್ ನನ್ನೊಡನೆ ಮಾತು ನಿಲ್ಲಿಸಿದರು. ಕಡತಗಳನ್ನು ಸದ್ದು ಮಾಡದೆ ನನ್ನ ಟೇಬಲ್ಲಿನ ಮೇಲಿಟ್ಟು ಹೋಗುತ್ತಿದ್ದರು, ಬಂದದ್ದು ನನಗೆ ತಿಳಿಯದಿರಲಿ ಎಂದು. ದಿನಕ್ಕೆ ನಾಲ್ಕು ಸಲ ಟೇಬಲ್ ತಡವಿ ನೋಡುವುದನ್ನು ರೂಢಿ ಮಾಡಿಕೊಂಡೆ. ಹೀಗೆಯೇ ಎಂಟು ತಿಂಗಳು ಕಳೆದು ಅವರ ನಿವೃತ್ತಿಯ ದಿನ ಬಂತು.

ಬೀಳ್ಕೊಡುಗೆಗೆ ಒಂದು ಸನ್ಮಾನ ಪತ್ರ ಬೇಕಿತ್ತು. ಚೌಕಟ್ಟು ಹಾಕಿಸಿ ಕೊಡುವಂಥದ್ದು. ಟೈಪಿಂಗ್ ನನ್ನದೇ. ಕರಡು ಕೈಬರಹದಲ್ಲಿತ್ತು, ಅದನ್ನು ಫೋನ್ ಓದಲಿಲ್ಲ. ಆಪರೇಟರ್ ಪಕ್ಕದಲ್ಲಿ ಕೂತು ಸಾಲುಸಾಲಾಗಿ ಓದಿ ಹೇಳಿದಳು, ನಾನು ಟೈಪ್ ಮಾಡುತ್ತಾ ಹೋದೆ. ನಿಷ್ಠಾವಂತರು, ಸ್ನೇಹಜೀವಿ, ಎಲ್ಲರನ್ನೂ ಮನೆಯವರಂತೆ ಕಂಡವರು. ಎಲ್ಲ ಸನ್ಮಾನ ಪತ್ರಗಳಲ್ಲೂ ಇರುವ ಮಾತುಗಳು. ಒಂದು ಕಡೆ ಆಕೆ ನಿಂತಳು.

"ಓದ್ಲಾ ಮೇಡಂ?"

ಓದು ಎಂದೆ. ದೃಷ್ಟಿ ಕಳೆದುಕೊಂಡ ಸಿಬ್ಬಂದಿಯೊಬ್ಬರಿಗೆ ಕಂಪ್ಯೂಟರ್ ಕಲಿಯಲು ಪ್ರೋತ್ಸಾಹ ನೀಡಿ, ಬದುಕಿಗೆ ಹೊಸ ದಾರಿ ತೋರಿದ ಮಾನವೀಯ ಹೃದಯದವರು.

ಇದನ್ನು ಬರೆದವರು ಯಾರು ಎಂದು ಕೇಳಿದೆ. ಆಕೆ ದನಿ ತಗ್ಗಿಸಿ, "ಮ್ಯಾನೇಜರ್ ಸಾರ್ ಅಕ್ಷರವೇ ಮೇಡಂ" ಎಂದಳು.

ಇಷ್ಟು ವರ್ಷದ ನೌಕರಿಯಲ್ಲಿ ಬೇರೆಯವರ ಕರಡಿನ ಒಂದು ಪದವನ್ನೂ ನಾನು ಬದಲಿಸಿದವಳಲ್ಲ. ಸುಳ್ಳು ಎಂದು ಗೊತ್ತಿದ್ದ ವರದಿಗಳನ್ನೂ ಇದ್ದಂತೆಯೇ ಟೈಪ್ ಮಾಡಿಕೊಟ್ಟಿದ್ದೇನೆ. ಬರೆದವರ ಮಾತು ಬರೆದವರದು ಎಂದು ನಮಗೆ ಮೊದಲಿನಿಂದ ಕಲಿಸಿದ್ದೇ ಹಾಗೆ. ಬೆರಳುಗಳನ್ನು ಕೀಲಿಗಳ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ಆಮೇಲೆ, ಮುಂದಿನ ಸಾಲು ಓದು ಎಂದೆ. ಆಕೆ ಓದಿದಳು.

ಎಲ್ಲರೂ ಸಹಿ ಹಾಕಿದರು, ನಾನೂ ಹಾಕಿದೆ. ಸಭೆಯಲ್ಲಿ ಆ ಪತ್ರವನ್ನು ಮೈಕಿನಲ್ಲಿ ಓದಿದರು, ಚಪ್ಪಾಳೆಯಾಯಿತು. ಒಂದು ವಾಕ್ಯ ಕಡಿಮೆಯಿದೆ ಎಂದು, ಅದನ್ನು ಬರೆದವರನ್ನೂ ನಮ್ಮಿಬ್ಬರನ್ನೂ ಬಿಟ್ಟು, ಅಲ್ಲಿ ಯಾರಿಗೂ ತಿಳಿಯಲಿಲ್ಲ.

ಸಾಯಂಕಾಲ ನಾನು ಕಂಪ್ಯೂಟರ್ ಆರಿಸುತ್ತಿರುವಾಗ ಮ್ಯಾನೇಜರ್ ನನ್ನ ಟೇಬಲ್ ಹತ್ತಿರ ಬಂದು ನಿಂತರು. ಸದ್ದು ಮಾಡದಿದ್ದರೂ ಹಾರದ ಹೂವಿನ ವಾಸನೆಯಿಂದ ತಿಳಿಯಿತು. ಕೈಯಲ್ಲಿ ಆ ಚೌಕಟ್ಟು ಇತ್ತು, ಅದರ ಮೂಲೆ ಟೇಬಲ್ಲಿಗೆ ತಗುಲಿತು. ಆ ವಾಕ್ಯ ಎಲ್ಲಿ ಹೋಯಿತು, ಅವರು ಕೇಳಲಿ ಎಂದು ಕಾದೆ. ಉತ್ತರ ನನ್ನ ಬಾಯಲ್ಲೇ ಇತ್ತು. ಅವರು ಬಹಳ ಹೊತ್ತು ನಿಂತಿದ್ದು, ಏನೂ ಕೇಳದೆ, ಚೌಕಟ್ಟನ್ನು ಎತ್ತಿಕೊಂಡು ಹೊರಟುಹೋದರು.